ಮಣಿಕಟ್ಟಿನ ವಾಚೋ, ಎದೆಯ ಪಟ್ಟಿಯೋ: ಹೃದಯಬಡಿತ ಅಳೆಯಲು ಯಾವುದನ್ನು ಕೊಳ್ಳಬೇಕು?

ನಾಡಿ ನೋಡುವ ಪಂಡಿತರು ಬೆರಳಿಡುವುದು ಮಣಿಕಟ್ಟಿನ ಒಳಬದಿಯಲ್ಲಿ, ಹೆಬ್ಬೆರಳಿನ ಬುಡಕ್ಕೆ ಸಮೀಪವಾಗಿ ಧಮನಿಯೊಂದು ಚರ್ಮಕ್ಕೆ ತೀರ ಹತ್ತಿರದಲ್ಲೇ ಹಾದುಹೋಗುವ ಜಾಗದಲ್ಲಿ. ನಾವು ಕಟ್ಟಿಕೊಳ್ಳುವ ಸ್ಮಾರ್ಟ್‌ವಾಚು ಕೂರುವುದು ಅದೇ ಮಣಿಕಟ್ಟಿನ ಹೊರಬದಿಯಲ್ಲಿ, ಮೂಳೆಯೂ ಸ್ನಾಯುರಜ್ಜುಗಳೂ ತುಂಬಿರುವ, ದೊಡ್ಡ ಧಮನಿ ಯಾವುದೂ ಕೈಗೆಟುಕದ ಜಾಗದಲ್ಲಿ. ಪಂಡಿತರ ಬೆರಳಿಗೆ ಧಮನಿಯ ಮಿಡಿತ ನೇರವಾಗಿ ತಾಕುತ್ತದೆ. ವಾಚಿಗೆ ದೊರೆಯುವುದು ಚರ್ಮದಡಿಯ ಅತಿಸಣ್ಣ ರಕ್ತನಾಳಗಳು ಪ್ರತಿ ಬಡಿತಕ್ಕೂ ತುಂಬಿ ಇಳಿಯುವಾಗ ಉಂಟಾಗುವ ಮಸುಕಾದ ಬೆಳಕಿನ ಏರಿಳಿತ ಮಾತ್ರ. ಮಣಿಕಟ್ಟಿನ ಸಾಧನಗಳ ಬಲವೂ ದೌರ್ಬಲ್ಯವೂ ಬಹುಮಟ್ಟಿಗೆ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಪೇಟೆಯಲ್ಲಿ ಒಂದೂವರೆ ಸಾವಿರ ರೂಪಾಯಿಯ ನಾಯ್ಸ್, ಬೋಟ್, ಫೈರ್‌ಬೋಲ್ಟ್ ವಾಚುಗಳಿಂದ ಹಿಡಿದು ಹತ್ತಾರು ಸಾವಿರ ಬೆಲೆಯ ಆಪಲ್, ಗಾರ್ಮಿನ್ ವಾಚುಗಳವರೆಗೆ ಎಲ್ಲದರ ಬೆನ್ನಲ್ಲೂ ಅದೇ ಹಸಿರು ದೀಪ ಮಿನುಗುತ್ತದೆ, ಎಲ್ಲವೂ 72, 118, 164 ಎಂದು ಒಂದೇ ಬಗೆಯ ಅಂಕಿಗಳನ್ನು ಒಂದೇ ಬಗೆಯ ಆತ್ಮವಿಶ್ವಾಸದಿಂದ ತೋರಿಸುತ್ತವೆ. ಅನುಮಾನವಿರುವಾಗ ‘ಸುಮಾರು’ ಎಂದು ಸೇರಿಸುವ ಸೌಜನ್ಯ ಬಹುಪಾಲು ವಾಚುಗಳಿಗೆ ಇಲ್ಲ. ಹೀಗಾಗಿ ‘ಯಾವ ವಾಚು ಅತ್ಯಂತ ನಿಖರ?’ ಎಂದು ಅಂಗಡಿಯಲ್ಲಿ ಕೇಳುವ ಮೊದಲು, ಈ ಅಂಕಿಯನ್ನು ನಂಬಿ ತಾವು ಯಾವ ತೀರ್ಮಾನ ಮಾಡಲಿದ್ದೇವೆ, ಆ ತೀರ್ಮಾನ ಐದು ಬಡಿತ ಹೆಚ್ಚುಕಡಿಮೆಯಾದರೆ ಕೆಡುತ್ತದೆಯೇ ಅಥವಾ ಇಪ್ಪತ್ತು ಹೆಚ್ಚುಕಡಿಮೆಯಾದರೆ ಮಾತ್ರ ಕೆಡುತ್ತದೆಯೇ ಎಂಬುದನ್ನು ಕೊಳ್ಳುವವರು ತಮ್ಮೊಳಗೇ ಕೇಳಿಕೊಳ್ಳುವುದು ಒಳ್ಳೆಯದು.

ಹಸಿರು ದೀಪ ನೋಡುವುದೇನನ್ನು

ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಸಂಕುಚಿಸಿದಾಗ ಚರ್ಮದ ಸೂಕ್ಷ್ಮನಾಳಗಳಿಗೆ ರಕ್ತ ನುಗ್ಗುವುದರಿಂದ ಹಿಂದಿರುಗಿ ಬರುವ ಬೆಳಕು ತುಸು ಕಡಿಮೆಯಾಗುತ್ತದೆ, ಎರಡು ಬಡಿತಗಳ ನಡುವೆ ತುಸು ಹೆಚ್ಚಾಗುತ್ತದೆ. ವಾಚಿನ ಸೆನ್ಸರ್ ಈ ಏರಿಳಿತವನ್ನು ಎಣಿಸುತ್ತದೆ. ಈ ವಿಧಾನಕ್ಕೆ ಫೋಟೋಪ್ಲೆಥಿಸ್ಮೋಗ್ರಫಿ ಎಂಬ ಹೆಸರಿದ್ದು, ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಆಲ್ರಿಕ್ ಹರ್ಟ್ಸ್‌ಮನ್ 1930ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಆಸ್ಪತ್ರೆಗಳಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೂಡ ಇದೇ ಕುಲಕ್ಕೆ ಸೇರಿದ್ದು. ಕೋವಿಡ್ ಕಾಲದಲ್ಲಿ ಅದನ್ನು ಮನೆಗೆ ತಂದವರಿಗೆ, ಕೈ ತಣ್ಣಗಿದ್ದಾಗ ಅಥವಾ ಬೆರಳು ಅಲುಗಿದಾಗ ಅಂಕಿ ಕಾಣೆಯಾಗುತ್ತಿದ್ದುದು ನೆನಪಿರಬಹುದು.

ತೊಂದರೆಯೆಂದರೆ, ಸೆನ್ಸರಿಗೆ ಮರಳಿ ಬರುವ ಬೆಳಕಿನಲ್ಲಿ ನಾಡಿಯಿಂದ ಬದಲಾಗುವ ಪಾಲು ಬಲು ಚಿಕ್ಕದು. ಓಡುವಾಗ ಕೈ ಬೀಸಿದರೆ ವಾಚು ಚರ್ಮದ ಮೇಲೆ ಜಾರುತ್ತದೆ, ಅಂಗಾಂಶ ಕುಲುಕುತ್ತದೆ, ಸಂದಿನಿಂದ ಬಿಸಿಲು ನುಸುಳುತ್ತದೆ. ಇವೆಲ್ಲವೂ ಸೇರಿ ಉಂಟುಮಾಡುವ ಗದ್ದಲ ನಾಡಿಯ ಸಂಕೇತಕ್ಕಿಂತ ಎಷ್ಟೋ ದೊಡ್ಡದಾಗಿರುತ್ತದೆ. ಜಾತ್ರೆಯ ಡೊಳ್ಳಿನ ಮಧ್ಯೆ ನಿಂತು ಪಕ್ಕದವರ ಪಿಸುಮಾತನ್ನು ಕೇಳಿಸಿಕೊಳ್ಳಬೇಕಾದ ಸ್ಥಿತಿ ಅದು. ತಯಾರಕರು ವಾಚಿನೊಳಗಿನ ಚಲನಮಾಪಕದಿಂದ ಕೈಯ ಚಲನೆಯನ್ನು ಬೇರೆಯಾಗಿ ಅಳೆದು, ಆ ಲಯವನ್ನು ಬೆಳಕಿನ ಸಂಕೇತದಿಂದ ಕಳೆಯುವ ಲೆಕ್ಕಾಚಾರವನ್ನು ಸಾಫ್ಟ್‌ವೇರಿನಲ್ಲಿ ಅಳವಡಿಸಿರುತ್ತಾರೆ. ಒಳ್ಳೆಯ ವಾಚಿಗೂ ಸಾಧಾರಣ ವಾಚಿಗೂ ನಡುವಿನ ಅಂತರ ಬಹಳಷ್ಟು ಮಟ್ಟಿಗೆ ಇರುವುದು ಈ ಕಳೆಯುವ ಲೆಕ್ಕದಲ್ಲಿಯೇ ಹೊರತು ಪೆಟ್ಟಿಗೆಯ ಮೇಲೆ ಅಚ್ಚಾದ ದೀಪಗಳ ಸಂಖ್ಯೆಯಲ್ಲಿ ಅಲ್ಲ.

ಈ ಲೆಕ್ಕ ತಪ್ಪಿದಾಗ ಆಗುವ ಒಂದು ವಿಚಿತ್ರ ತಪ್ಪನ್ನು ಪ್ರತಿಯೊಬ್ಬ ಓಟಗಾರನೂ ತಿಳಿದಿರಬೇಕು. ಓಡುವಾಗ ನಮ್ಮ ಹೆಜ್ಜೆಗಳು ನಿಮಿಷಕ್ಕೆ ಸಾಮಾನ್ಯವಾಗಿ 150ರಿಂದ 180ರ ನಡುವೆ ಬೀಳುತ್ತವೆ. ಕಷ್ಟಪಟ್ಟು ಓಡುವವನ ಹೃದಯಬಡಿತವೂ ಅದೇ ಆಸುಪಾಸಿನಲ್ಲಿರುತ್ತದೆ. ಎರಡು ಲಯಗಳು ಹತ್ತಿರ ಬಂದಾಗ ವಾಚು ಹೃದಯವನ್ನು ಬಿಟ್ಟು ಹೆಜ್ಜೆಯನ್ನು ಹಿಡಿದುಬಿಡುತ್ತದೆ. ಓಟಗಾರರು ಇದನ್ನು ‘ಕೇಡೆನ್ಸ್ ಲಾಕ್’ ಎನ್ನುತ್ತಾರೆ. ಕಬ್ಬನ್ ಪಾರ್ಕಿನಲ್ಲಿ ಒಂದು ಬೆಳಗ್ಗೆ, ಪಕ್ಕದವರೊಡನೆ ಸಲೀಸಾಗಿ ಮಾತಾಡುತ್ತ ನಿಧಾನವಾಗಿ ಓಡುತ್ತಿದ್ದಾಗ ನನ್ನ ವಾಚು ಹತ್ತು ನಿಮಿಷ ಬಿಡದೆ 168 ತೋರಿಸಿತು. ಅಷ್ಟು ಬಡಿತವಿದ್ದರೆ ಒಂದು ಪೂರ್ತಿ ವಾಕ್ಯ ಆಡುವುದೂ ನನಗೆ ಕಷ್ಟ. ಮನೆಗೆ ಬಂದು ನೋಡಿದರೆ ಹೆಜ್ಜೆಯ ಗೆರೆಯೂ ಬಡಿತದ ಗೆರೆಯೂ ಒಂದರ ಮೇಲೊಂದು ಮಲಗಿದ್ದವು. ಅಂದಿನಿಂದ ಅಂಕಿಗಿಂತ ಮೊದಲು ಉಸಿರನ್ನು ಗಮನಿಸುವ ಅಭ್ಯಾಸವಾಗಿದೆ.

ಎರಡನೆಯ ದೋಷ ತಡ. ಗದ್ದಲವನ್ನು ತಗ್ಗಿಸಲು ವಾಚು ಹಲವು ಸೆಕೆಂಡುಗಳ ಸಂಕೇತವನ್ನು ಒಟ್ಟುಗೂಡಿಸಿ ಸರಾಸರಿ ತೆಗೆಯುತ್ತದೆ. ಬಡಿತ ಸ್ಥಿರವಾಗಿದ್ದಾಗ ಇದರಿಂದ ಹಾನಿಯಿಲ್ಲ. ಆದರೆ ಮೂವತ್ತು ಸೆಕೆಂಡು ಬಿರುಸಾಗಿ ಓಡಿ ಮೂವತ್ತು ಸೆಕೆಂಡು ನಿಲ್ಲುವ ವ್ಯಾಯಾಮದಲ್ಲಿ ವಾಚು ಏರನ್ನು ತಲುಪುವಷ್ಟರಲ್ಲಿ ಹೃದಯ ಇಳಿಯತೊಡಗಿರುತ್ತದೆ, ಹಾಗಾಗಿ ಶಿಖರಗಳೂ ಕಣಿವೆಗಳೂ ಎರಡೂ ಕಡಿದು ಮಟ್ಟಸವಾಗಿ ಕಾಣುತ್ತವೆ.

ಪ್ರಯೋಗಾಲಯದ ಅಂಕಿಗಳನ್ನು ಓದುವ ಬಗೆ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60 ಜನರ ಮೇಲೆ ಏಳು ಮಣಿಕಟ್ಟಿನ ಸಾಧನಗಳನ್ನು ಇಸಿಜಿಯೊಡನೆ ಹೋಲಿಸಿ ನೋಡಿದರು. ಏಳರಲ್ಲಿ ಆರು ಸಾಧನಗಳ ಹೃದಯಬಡಿತದ ದೋಷ ಶೇ 5ಕ್ಕಿಂತ ಕಡಿಮೆಯಿತ್ತು. ಆಪಲ್ ವಾಚಿನ ದೋಷ ಎಲ್ಲಕ್ಕಿಂತ ಕಡಿಮೆ, ಸ್ಯಾಮ್ಸಂಗ್ ಗೇರ್ ಎಸ್2ನದು ಎಲ್ಲಕ್ಕಿಂತ ಹೆಚ್ಚು. ಅದೇ ಸಾಧನಗಳು ಖರ್ಚಾದ ಕ್ಯಾಲೊರಿಯನ್ನು ಲೆಕ್ಕಹಾಕುವಾಗ ಮಾತ್ರ ಅತ್ಯುತ್ತಮವಾದದ್ದೇ ಶೇ 27ರಷ್ಟು, ಅತಿ ಕಳಪೆಯಾದದ್ದು ಶೇ 93ರಷ್ಟು ತಪ್ಪಿದವು. ಬಡಿತ ಸರಿಯಿದ್ದ ಮಾತ್ರಕ್ಕೆ ಕ್ಯಾಲೊರಿ ಸರಿಯಿರುತ್ತದೆ ಎಂದು ಭಾವಿಸಿ ಸಂಜೆ ಎರಡು ಹೋಳಿಗೆ ಹೆಚ್ಚು ತಿನ್ನುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 50 ಮಂದಿ ಆರೋಗ್ಯವಂತರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಓಡಿಸಿ ಮಾಡಿದ ಹೋಲಿಕೆ ಜಾಮಾ ಕಾರ್ಡಿಯಾಲಜಿ ಪತ್ರಿಕೆಯಲ್ಲಿ ಬಂತು. ಇಸಿಜಿಯೊಂದಿಗಿನ ಪೂರ್ಣ ಹೊಂದಾಣಿಕೆಗೆ 1 ಎಂದಿಟ್ಟುಕೊಂಡರೆ, ಎದೆಯ ಸುತ್ತ ಕಟ್ಟಿಕೊಂಡು ಹೃದಯದ ವಿದ್ಯುತ್ ಸಂಕೇತದಿಂದ ಬಡಿತ ಎಣಿಸುವ ಪೋಲಾರ್ ಕಂಪನಿಯ ಎದೆಪಟ್ಟಿಗೆ 0.99, ಆಪಲ್ ವಾಚಿಗೆ 0.91, ಫಿಟ್‌ಬಿಟ್ ಚಾರ್ಜ್ ಎಚ್‌ಆರ್‌ಗೆ 0.84, ಬೇಸಿಸ್ ಪೀಕ್‌ಗೆ 0.83 ದೊರೆಯಿತು. ಡ್ಯೂಕ್ ವಿಶ್ವವಿದ್ಯಾಲಯದವರು 2020ರಲ್ಲಿ 53 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಚಟುವಟಿಕೆಯ ವೇಳೆಯ ದೋಷ ವಿಶ್ರಾಂತಿಯ ವೇಳೆಯದಕ್ಕಿಂತ ಸರಾಸರಿ ಶೇ 30ರಷ್ಟು ಹೆಚ್ಚಿತ್ತು.

ಕೊಳ್ಳುವವರಿಗೆ ಈ ಅಧ್ಯಯನಗಳಲ್ಲಿನ ಮಾದರಿಗಳ ಹೆಸರುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಬೇಸಿಸ್ ಪೀಕ್ ಅನ್ನು ಅತಿಯಾಗಿ ಬಿಸಿಯಾಗುತ್ತದೆಂಬ ಕಾರಣಕ್ಕೆ ಇಂಟೆಲ್ ಕಂಪನಿ 2016ರಲ್ಲೇ ಹಿಂದೆ ಪಡೆಯಿತು. ಉಳಿದವುಗಳಲ್ಲಿಯೂ ಹೆಚ್ಚಿನವು ಈಗ ಅಂಗಡಿಯಲ್ಲಿಲ್ಲ. ಒಂದು ಮಾದರಿಯನ್ನು ಪರೀಕ್ಷಿಸಿ, ಬರೆದು, ಪ್ರಕಟಿಸುವಷ್ಟರಲ್ಲಿ ಅದರ ಮುಂದಿನ ಮಾದರಿ ಬಂದಿರುತ್ತದೆ, ಹಳೆಯದಕ್ಕೂ ಹೊಸ ಸಾಫ್ಟ್‌ವೇರ್ ಇಳಿದಿರುತ್ತದೆ. ಆದರೆ ಮಾದರಿಗಳು ಬದಲಾದರೂ ಬದಲಾಗದೆ ಉಳಿದ ಸಂಗತಿಗಳು ಕೆಲವಿವೆ: ಎದೆಪಟ್ಟಿ ಮುಂದಿರುತ್ತದೆ, ಚಲನೆ ಹೆಚ್ಚಿದಂತೆ ದೋಷ ಹೆಚ್ಚುತ್ತದೆ, ಮತ್ತು ಒಂದೇ ವಾಚು ಒಬ್ಬರ ಕೈಯಲ್ಲಿ ಚೆನ್ನಾಗಿಯೂ ಮತ್ತೊಬ್ಬರ ಕೈಯಲ್ಲಿ ಕೆಟ್ಟದಾಗಿಯೂ ನಡೆದುಕೊಳ್ಳುತ್ತದೆ.

ಸರಾಸರಿ ದೋಷದ ಬಗ್ಗೆಯೂ ಎಚ್ಚರ ಬೇಕು. ಅರ್ಧ ಗಂಟೆ 20 ಬಡಿತ ಹೆಚ್ಚು ತೋರಿಸಿ ಇನ್ನರ್ಧ ಗಂಟೆ 20 ಬಡಿತ ಕಡಿಮೆ ತೋರಿಸಿದ ವಾಚಿನ ಒಂದು ಗಂಟೆಯ ಸರಾಸರಿ ಅಚ್ಚುಕಟ್ಟಾಗಿ ಸರಿಹೊಂದುತ್ತದೆ. ಜಾಹೀರಾತಿನಲ್ಲಿ ‘ಶೇ 98 ನಿಖರ’ ಎಂದು ಕಂಡರೆ ಯಾವ ಚಟುವಟಿಕೆಯಲ್ಲಿ, ಯಾವುದರೊಡನೆ ಹೋಲಿಸಿ, ಕ್ಷಣ ಕ್ಷಣಕ್ಕೋ ಅಥವಾ ಒಟ್ಟು ಸರಾಸರಿಗೋ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಆ ಅಂಕಿಗೆ ಬೆಲೆ ಕೊಡಬೇಕಾಗಿಲ್ಲ. ಆಸ್ಪತ್ರೆಯ ಹೃದಯ ಮಾನಿಟರುಗಳಿಗೆ ಅಮೆರಿಕದ ಇಸಿ13 ಮಾನದಂಡ ಶೇ 10 ಅಥವಾ 5 ಬಡಿತ, ಇವೆರಡರಲ್ಲಿ ಯಾವುದು ದೊಡ್ಡದೋ ಅಷ್ಟು ವ್ಯತ್ಯಾಸವನ್ನು ಒಪ್ಪುತ್ತದೆ. ಅಳತೆಗೋಲು ಬೇಕೆಂದರೆ ಅದನ್ನೇ ಇಟ್ಟುಕೊಳ್ಳಬಹುದು.

ಚರ್ಮದ ಬಣ್ಣದ ಪ್ರಶ್ನೆ ನಮ್ಮವರಿಗೆ ಸಹಜವಾಗಿಯೇ ಮುಖ್ಯ. ಚರ್ಮದ ಮೆಲನಿನ್ ಕೂಡ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ಕಪ್ಪು ಮೈಬಣ್ಣದವರಲ್ಲಿ ಸೆನ್ಸರಿಗೆ ಮರಳುವ ಬೆಳಕು ಕಡಿಮೆ. ಸ್ಟ್ಯಾನ್‌ಫರ್ಡ್ ಅಧ್ಯಯನ ಗಾಢ ಬಣ್ಣದ ಚರ್ಮದಲ್ಲಿ ದೋಷ ಹೆಚ್ಚೆಂದು ಕಂಡಿತು. ಎಲ್ಲ ಮೈಬಣ್ಣದವರನ್ನೂ ಉದ್ದೇಶಪೂರ್ವಕವಾಗಿ ಸೇರಿಸಿಕೊಂಡ ಡ್ಯೂಕ್ ಅಧ್ಯಯನಕ್ಕೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಓದಿದ ಮೇಲೆ ನನ್ನ ಅಭಿಪ್ರಾಯವೆಂದರೆ, ಬಣ್ಣಕ್ಕಿಂತ ಚಲನೆ ಹಾಗೂ ಕಟ್ಟುವ ರೀತಿಯೇ ದೊಡ್ಡ ಕಾರಣಗಳು, ಆದರೂ ಬಣ್ಣದ ಪ್ರಶ್ನೆಯನ್ನು ಮುಗಿದುಹೋಯಿತೆಂದು ಬದಿಗಿಡುವಂತಿಲ್ಲ. ಹಚ್ಚೆಯ ವಿಷಯದಲ್ಲಿ ಇಂಥ ಗೊಂದಲವಿಲ್ಲ: ಹಚ್ಚೆಯ ಶಾಯಿ, ವಿನ್ಯಾಸ ಮತ್ತು ದಟ್ಟತೆ ಸೆನ್ಸರಿನ ಬೆಳಕನ್ನು ತಡೆಯಬಹುದೆಂದು ಆಪಲ್ ಕಂಪನಿಯೇ ಹೇಳಿಕೊಂಡಿದೆ. ಮಣಿಕಟ್ಟಿನ ಮೇಲೆ ದಟ್ಟವಾದ ಹಚ್ಚೆಯಿರುವವರು ಇನ್ನೊಂದು ಕೈಗೆ ಕಟ್ಟಬೇಕು, ಇಲ್ಲವೇ ಎದೆಪಟ್ಟಿಗೆ ಹೋಗಬೇಕು.

ಚಟುವಟಿಕೆಗೆ ತಕ್ಕಂತೆ

ನಿದ್ದೆ ಮತ್ತು ವಿಶ್ರಾಂತಿಯಲ್ಲಿ ಮಣಿಕಟ್ಟಿನ ವಾಚು ನಂಬಿಕೆಗೆ ಅರ್ಹ. ಬೆಳಗಿನ ಜಾವದ ಬಡಿತ ವಾರದಿಂದ ವಾರಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ನೋಡಲು ಸಾಧಾರಣ ಬೆಲೆಯ ಬ್ಯಾಂಡೂ ಸಾಕಾಗುತ್ತದೆ, ಏಕೆಂದರೆ ಇಲ್ಲಿ ಬೇಕಾದದ್ದು ದಿಕ್ಕು. ಎರಡು ಬಡಿತ ಅತ್ತಿತ್ತ ಆದರೂ ದಿಕ್ಕು ತಪ್ಪುವುದಿಲ್ಲ. ನಡಿಗೆಯಲ್ಲಿ ಸಂಗತಿ ಸ್ವಲ್ಪ ಸಿಕ್ಕಲು. ಓಟಕ್ಕಿಂತ ನಡಿಗೆ ಸುಲಭವಾದ್ದರಿಂದ ಅಳತೆಯೂ ಸುಲಭವಿರಬೇಕೆಂದು ತೋರುತ್ತದೆ, ಆದರೆ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಅತಿ ಹೆಚ್ಚು ದೋಷ, ಶೇ 5.5, ಕಂಡದ್ದು ನಡಿಗೆಯಲ್ಲಿ; ಅತಿ ಕಡಿಮೆ, ಶೇ 1.8, ಸೈಕಲ್ ತುಳಿತದಲ್ಲಿ.

ಈ ಎರಡನೆಯ ಅಂಕಿಯನ್ನು ನೋಡಿ ಸೈಕಲ್ ಸವಾರರು ಹಿಗ್ಗಬಾರದು. ಅದು ಪ್ರಯೋಗಾಲಯದಲ್ಲಿ ನೆಲಕ್ಕೆ ಊರಿ ನಿಂತ ಸೈಕಲ್. ಕೈಗಳು ಅಲುಗದೆ ಹಿಡಿಕೆಯ ಮೇಲೆ ವಿಶ್ರಮಿಸುತ್ತಿರುತ್ತವೆ. ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೊರಟ ಸವಾರನ ಕೈಯಾದರೋ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿರುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗಿರುತ್ತದೆ, ಹಂಪು ಹಳ್ಳಗಳ ಕಂಪನವೆಲ್ಲ ತೋಳಿಗೇರುತ್ತದೆ, ಡಿಸೆಂಬರಿನ ಬೆಳಗಿನ ಚಳಿಗಾಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗಿ ಸಂಕೇತ ಇನ್ನಷ್ಟು ಮಂಕಾಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತುವ ಮುಂಗೈ ಬಿಗಿತವನ್ನಂತೂ ಹೇಳಬೇಕಾಗಿಲ್ಲ. ರಸ್ತೆಯ ಸವಾರರಲ್ಲಿ ಎದೆಪಟ್ಟಿ ಇಷ್ಟು ಬಳಕೆಯಲ್ಲಿರುವುದು ಬರಿಯ ಶೋಕಿಯಿಂದಲ್ಲ.

ಸಮವೇಗದ ಓಟದಲ್ಲಿ, ವಾಚನ್ನು ಸರಿಯಾಗಿ ಕಟ್ಟಿ ಮೊದಲ ಹತ್ತು ನಿಮಿಷ ಮೈ ಬಿಸಿಯಾಗಲು ಬಿಟ್ಟರೆ, ಒಳ್ಳೆಯ ವಾಚುಗಳು ಎದೆಪಟ್ಟಿಯ ಹತ್ತಿರ ಹತ್ತಿರಕ್ಕೆ ಬರುತ್ತವೆ. ಏರುಪೇರಿನ ಓಟದಲ್ಲಿ ಹಿಂದೆ ಬೀಳುತ್ತವೆ. ಭಾರ ಎತ್ತುವ ಜಿಮ್ಮಿನಲ್ಲಂತೂ ಮಣಿಕಟ್ಟಿನ ಅಳತೆಯನ್ನು ಕೈಬಿಡುವುದೇ ಮೇಲು, ಯಾಕೆಂದರೆ ಹಿಡಿತ ಬಿಗಿಯಾದೊಡನೆ ಮುಂಗೈಯ ಸ್ನಾಯುಗಳು ಉಬ್ಬಿ ರಕ್ತದ ಹರಿವೇ ಬದಲಾಗುತ್ತದೆ, ಪಟ್ಟಿಯೂ ಎತ್ತಿಕೊಳ್ಳುತ್ತದೆ. ಗರಡಿಮನೆಯ ದಂಡ, ಸೂರ್ಯನಮಸ್ಕಾರ, ಅಷ್ಟಾಂಗ ಯೋಗದ ವಿನ್ಯಾಸಗಳು ಇವೆಲ್ಲಕ್ಕೂ ಇದೇ ಮಾತು: ಅಂಗೈ ನೆಲಕ್ಕೂರಿ ಮಣಿಕಟ್ಟು ಬಾಗಿದ ಕ್ಷಣ ವಾಚಿನ ಬೆನ್ನು ಚರ್ಮದಿಂದ ಸರಿಯುತ್ತದೆ. ಬೈಠಕ್ ತೆಗೆಯುವಾಗ ಆ ತೊಂದರೆಯಿಲ್ಲ. ಬ್ಯಾಡ್ಮಿಂಟನ್ ಆಡುವವರು ರಾಕೆಟ್ ಹಿಡಿಯದ ಕೈಗೆ ಕಟ್ಟಬೇಕು.

ಈಜುವವರಿಗೆ ಯಾವುದೂ ಪೂರ್ಣ ಸಮಾಧಾನ ಕೊಡುವುದಿಲ್ಲ. ವಾಚಿಗೂ ಚರ್ಮಕ್ಕೂ ನಡುವೆ ನೀರು ಹರಿಯುತ್ತದೆ. ಎದೆಪಟ್ಟಿಯ ಬ್ಲೂಟೂತ್ ಸಂಕೇತ ನೀರಿನಲ್ಲಿ ದೂರ ಸಾಗದು. ಪೋಲಾರ್ ಎಚ್10ರಂತಹ ಪಟ್ಟಿಗಳು ಅಭ್ಯಾಸವನ್ನು ತಮ್ಮ ನೆನಪಿನಲ್ಲೇ ಇಟ್ಟುಕೊಂಡು ಆಮೇಲೆ ಫೋನಿಗೆ ದಾಟಿಸುತ್ತವೆ, ಆದರೆ ಗೋಡೆಗೆ ಒದ್ದು ತಿರುಗುವಾಗ ಪಟ್ಟಿ ಹೊಟ್ಟೆಗಿಳಿಯುವುದನ್ನು ತಡೆಯುವುದು ಕಷ್ಟ.

ಆಯ್ಕೆಗಳು

ಎದೆಪಟ್ಟಿ ಬೆಳಕನ್ನು ಬಳಸುವುದಿಲ್ಲ. ಹೃದಯದ ವಿದ್ಯುತ್ ಸಂಕೇತವನ್ನೇ ಎರಡು ವಿದ್ಯುದ್ವಾರಗಳಿಂದ ಹಿಡಿದು, ಇಸಿಜಿಯಲ್ಲಿ ಪ್ರತಿ ಬಡಿತಕ್ಕೂ ಎದ್ದು ಕಾಣುವ ‘ಆರ್’ (R) ಎಂಬ ಶಿಖರಗಳ ನಡುವಿನ ಅಂತರವನ್ನು ಎಣಿಸುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1977ರಲ್ಲಿ ಸ್ಥಾಪನೆಯಾಗಿ, ಮೈಮೇಲೆ ಧರಿಸಬಹುದಾದ ತಂತಿರಹಿತ ಹೃದಯಮಾಪಕವನ್ನು 1982ರಲ್ಲಿ ಮಾರುಕಟ್ಟೆಗೆ ತಂದಿತು. ಅಂದಿನಿಂದ ತತ್ತ್ವ ಬದಲಾಗಿಲ್ಲ. ಬಡಿತದಿಂದ ಬಡಿತಕ್ಕೆ ಆಗುವ ಮಿಲಿಸೆಕೆಂಡುಗಳ ವ್ಯತ್ಯಾಸ, ಅಂದರೆ ಎಚ್‌ಆರ್‌ವಿ, ಎಚ್ಚರವಿರುವಾಗ ಬೇಕಿದ್ದರೆ ಇದಕ್ಕಿಂತ ಒಳ್ಳೆಯ ಮನೆಬಳಕೆಯ ಸಾಧನವಿಲ್ಲ. ಹಾಗೆಂದು ಇದು ದೋಷರಹಿತವೂ ಅಲ್ಲ. ಒಣಗಿದ ಪಟ್ಟಿಯನ್ನು ಹಾಗೇ ಕಟ್ಟಿಕೊಂಡರೆ ಬೆವರು ಬರುವವರೆಗೆ ಅಸಂಬದ್ಧ ಅಂಕಿಗಳು ಬರುತ್ತವೆ, ಆದ್ದರಿಂದ ವಿದ್ಯುದ್ವಾರಗಳನ್ನು ನೀರಿನಿಂದ ಒದ್ದೆ ಮಾಡಿಕೊಳ್ಳಬೇಕು. ಸಡಿಲವಾದ ಪಾಲಿಯೆಸ್ಟರ್ ಅಂಗಿ ಒಣಹವೆಯಲ್ಲಿ ಪಟಪಟಿಸಿದರೆ ಸ್ಥಿರವಿದ್ಯುತ್ತು ಸಂಕೇತವನ್ನು ಕೆಡಿಸುತ್ತದೆ. ತೊಳೆಯದೆ ಬಿಟ್ಟರೆ ಬೆವರಿನ ಉಪ್ಪು ಕಟ್ಟಿ ಪಟ್ಟಿ ಬೇಗ ಹಾಳಾಗುತ್ತದೆ. ಹೆಸರಾಂತ ಕಂಪನಿಗಳ ಪಟ್ಟಿಗಳಿಗೆ ಬೆಲೆ ಹೆಚ್ಚು, ಆದರೆ ತತ್ತ್ವ ಸರಳವಾದ್ದರಿಂದ ಅದಕ್ಕಿಂತ ಎಷ್ಟೋ ಅಗ್ಗದ ಪಟ್ಟಿಗಳೂ ಬಡಿತವನ್ನು ಚೆನ್ನಾಗಿಯೇ ಎಣಿಸುತ್ತವೆ. ದುಬಾರಿ ವಾಚಿಗಿಂತ ಅಗ್ಗದ ಎದೆಪಟ್ಟಿ ಹೆಚ್ಚು ನಿಖರ ಎನ್ನುವುದು ಬಹಳಷ್ಟು ಮಂದಿ ಹಣ ಕೊಟ್ಟಾದ ಮೇಲೆ ಕಲಿಯುವ ಪಾಠ.

ತೋಳುಪಟ್ಟಿ ಇವೆರಡರ ನಡುವಿನ ದಾರಿ. ಇದೂ ಬೆಳಕಿನದೇ, ಆದರೆ ಮುಂಗೈಯ ಮೇಲ್ಭಾಗ ಅಥವಾ ರಟ್ಟೆಯಲ್ಲಿ ಮಾಂಸ ಹೆಚ್ಚು, ಮೂಳೆ ದೂರ, ಬೀಸು ಕಡಿಮೆ, ಕೀಲಿನ ಬಾಗುವಿಕೆ ಇಲ್ಲ. ಸಾಧನವೂ ಹಗುರವಾದ್ದರಿಂದ ಕುಲುಕುವುದಿಲ್ಲ. ಎದೆಯ ಸುತ್ತ ಬಿಗಿಯುವುದು ಇಷ್ಟವಿಲ್ಲದವರಿಗೆ, ಒಳಉಡುಪಿನ ಪಟ್ಟಿಯೊಡನೆ ಎದೆಪಟ್ಟಿ ತಿಕ್ಕಿ ಚರ್ಮ ಕೆಂಪಾಗುವ ಮಹಿಳೆಯರಿಗೆ, ಜಿಮ್ಮಿಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಪೋಲಾರ್ ವೆರಿಟಿ ಸೆನ್ಸ್ ಎಂಬ ಮಾದರಿಯನ್ನು ಈಜುಗನ್ನಡಕದ ಪಟ್ಟಿಗೆ ಸಿಕ್ಕಿಸಿ ಕಣತಲೆಯಿಂದಲೂ ಅಳೆಯಬಹುದು, ಈಜುಗಾರರಿಗೆ ಇದು ಗಮನಿಸತಕ್ಕ ವಿಷಯ.

ಉಂಗುರಗಳ ಪೈಕಿ ಫಿನ್ಲೆಂಡಿನ ಔರಾ ಹಾಗೂ ನಮ್ಮ ಬೆಂಗಳೂರಿನದೇ ಆದ ಅಲ್ಟ್ರಾಹ್ಯೂಮನ್ ಹೆಸರು ಮಾಡಿವೆ. ಬೆರಳಿನಲ್ಲಿ ರಕ್ತಸಂಚಾರ ಸಮೃದ್ಧವಾಗಿರುವುದರಿಂದ ರಾತ್ರಿಯ ಅಳತೆಗೆ ಇವು ಹೇಳಿಮಾಡಿಸಿದಂಥವು. ಹ್ಯಾಂಡಲ್, ಡಂಬೆಲ್, ಬ್ಯಾಟು ಹಿಡಿಯುವ ಹೊತ್ತಿಗೆ ಅಲ್ಲ.

ಇನ್ನು ಮಣಿಕಟ್ಟಿನ ವಾಚುಗಳಲ್ಲಿಯೇ ದುಬಾರಿಯದೋ ಅಗ್ಗದ್ದೋ ಎಂಬ ಪ್ರಶ್ನೆ. ಅಗ್ಗದ ವಾಚನ್ನು ಬಾಳೆಹಣ್ಣಿಗೋ ಸೋರೆಕಾಯಿಗೋ ಕಟ್ಟಿ, ಅದಕ್ಕೂ ಬಡಿತ ಬಂತೆಂದು ತೋರಿಸಿ ನಗುವವರಿದ್ದಾರೆ. ಬೆಳಕನ್ನು ಹಿಂದಿರುಗಿಸುವ ಯಾವ ಮೈಯನ್ನು ಕಂಡರೂ ಗದ್ದಲದಲ್ಲಿ ಲಯ ಹುಡುಕುವುದು ಆ ಸಾಫ್ಟ್‌ವೇರಿನ ಕೆಲಸ; ಸೋರೆಕಾಯಿಯ ಪರೀಕ್ಷೆಯಿಂದ ವಾಚು ಕೈಯನ್ನು ಗುರುತಿಸಲಾರದು ಎಂಬುದಷ್ಟೇ ತಿಳಿಯುತ್ತದೆ, ಕೈಯಲ್ಲಿರುವಾಗ ಎಷ್ಟು ಸರಿ ಎಂಬುದು ತಿಳಿಯುವುದಿಲ್ಲ. ಅಗ್ಗದ ವಾಚುಗಳ ನಿಜವಾದ ಕೊರತೆಗಳು ಬೇರೆ: ಹಲವು ಮಾದರಿಗಳು ನಿರಂತರ ಅಳೆಯದೆ ಹತ್ತಾರು ನಿಮಿಷಕ್ಕೊಮ್ಮೆ ಇಣುಕಿ ನಡುವಿನದನ್ನು ಗೆರೆ ಎಳೆದು ತುಂಬುತ್ತವೆ, ಅಂಕಿಗಳನ್ನು ಸೆಕೆಂಡು ಸೆಕೆಂಡಿನ ಕಡತವಾಗಿ ಹೊರತೆಗೆಯಲು ಬಿಡುವುದಿಲ್ಲ, ಹೊರಗಿನ ಎದೆಪಟ್ಟಿಯೊಡನೆ ಜೋಡಿಸಿಕೊಳ್ಳುವುದಿಲ್ಲ.

ಕೊಂಡ ಮೇಲೆ ಪರೀಕ್ಷಿಸುವುದು

ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಎರಡು ಪರೀಕ್ಷೆಗಳನ್ನು ಮಾಡಿಬಿಡಬೇಕು. ಮೊದಲನೆಯದಕ್ಕೆ ಗೋಡೆಗಡಿಯಾರ ಸಾಕು. ಐದು ನಿಮಿಷ ಸುಮ್ಮನೆ ಕುಳಿತು, ವಾಚಿಲ್ಲದ ಕೈಯ ಮಣಿಕಟ್ಟಿನ ಒಳಬದಿಯಲ್ಲಿ ತೋರುಬೆರಳು ಮತ್ತು ನಡುಬೆರಳನ್ನಿಟ್ಟು ಪೂರ್ತಿ 60 ಸೆಕೆಂಡು ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ಎಣಿಕೆ ತಪ್ಪಿದರೂ ಉತ್ತರದಲ್ಲಿ ನಾಲ್ಕರ ತಪ್ಪು ಬರುತ್ತದೆ, ಆಮೇಲೆ ಅಪವಾದ ವಾಚಿನ ತಲೆಗೆ ಬರುತ್ತದೆ. ಎರಡನೆಯದಕ್ಕೆ ಗೆಳೆಯರಿಂದ ಎದೆಪಟ್ಟಿ ಎರವಲು ತಂದು ಫೋನಿನ ಆ್ಯಪಿಗೆ ಜೋಡಿಸಿ, ವಾಚನ್ನು ಅದರ ಪಾಡಿಗೆ ಬಿಟ್ಟು, ತಾವು ದಿನವೂ ಮಾಡುವ ವ್ಯಾಯಾಮವನ್ನೇ ಮಾಡಿ ಎರಡೂ ಗೆರೆಗಳನ್ನು ಹೋಲಿಸಬೇಕು. ಬೇರೆಯವರ ವಿಮರ್ಶೆಯ ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿರುವುದು ಅವರ ಕೈ. ಸರಾಸರಿಯನ್ನು ನೋಡದೆ ಗೆರೆಗಳು ಎಲ್ಲಿ ಬೇರೆಯಾದವು, ಎಷ್ಟು ಹೊತ್ತು ಬೇರೆಯಾಗಿದ್ದವು, ಏರುವಾಗ ಎಷ್ಟು ತಡವಾಯಿತು ಎಂಬುದನ್ನು ನೋಡಬೇಕು.

ವಾಚು ತಪ್ಪುತ್ತಿದೆ ಎನಿಸಿದರೆ ಬದಲಿಸುವ ಮುನ್ನ ಕಟ್ಟುವ ರೀತಿಯನ್ನು ತಿದ್ದಿ ನೋಡಬೇಕು. ಮಣಿಕಟ್ಟಿನ ಉಬ್ಬುಮೂಳೆಯಿಂದ ಎರಡು ಬೆರಳಿನಷ್ಟು ಮೇಲಕ್ಕೆ ಸರಿಸಿ, ವ್ಯಾಯಾಮದ ವೇಳೆಗೆ ಒಂದು ತೂತು ಬಿಗಿಯಾಗಿ ಕಟ್ಟಿ, ಮುಗಿದ ಮೇಲೆ ಸಡಿಲಿಸಬೇಕು. ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಕೈದಾರ ಅಥವಾ ಬಳೆಯ ಅಂಚು ವಾಚಿನ ಅಡಿಗೆ ಸಿಕ್ಕಿಕೊಂಡರೆ ಸಂದು ಬಿಟ್ಟು ಬೆಳಕು ನುಸುಳುತ್ತದೆ. ದಾರವಿಲ್ಲದ ಕೈಗೆ ಕಟ್ಟುವುದು ಸುಲಭದ ಪರಿಹಾರ. ಸೆನ್ಸರಿನ ಗಾಜಿನ ಮೇಲೆ ಒಣಗಿದ ಬೆವರು, ಎಣ್ಣೆ, ಸನ್‌ಸ್ಕ್ರೀನ್ ಇದ್ದರೆ ಒರೆಸಬೇಕು.

ಆರೋಗ್ಯದ ಭಯದಿಂದ ಕೊಳ್ಳುವವರಿಗೆ

2021ರ ಅಕ್ಟೋಬರಿನಲ್ಲಿ 46ರ ವಯಸ್ಸಿನ ಪುನೀತ್ ರಾಜ್‌ಕುಮಾರ್ ನಿಧನರಾದ ನಂತರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದ್ದನ್ನು ರಾಜ್ಯವೇ ಕಂಡಿದೆ. ಅಂಥ ಭಯದಲ್ಲಿ ವಾಚು ಕೊಳ್ಳುವವರಿಗೆ ಸ್ಪಷ್ಟವಾಗಿ ಹೇಳಬೇಕಾದದ್ದು ಇಷ್ಟು: ಹೃದಯಬಡಿತ ಎಷ್ಟೇ ನಿಖರವಾಗಿ ಅಳತೆಯಾದರೂ ರಕ್ತನಾಳದೊಳಗಿನ ತಡೆಯನ್ನು ಅದು ತೋರಿಸುವುದಿಲ್ಲ. 2018ರಿಂದ ಆಪಲ್ ವಾಚಿನಲ್ಲಿ ಬಂದ, ಬೆರಳು ಮುಟ್ಟಿಸಿ 30 ಸೆಕೆಂಡು ತೆಗೆಯುವ ಇಸಿಜಿ ಕೂಡ ಹೃದಯಾಘಾತವನ್ನು ಪತ್ತೆಮಾಡದು ಎಂದು ಕಂಪನಿಯೇ ಎಚ್ಚರಿಸುತ್ತದೆ. ಎದೆನೋವು ಬಂದಾಗ ವಾಚು ನೋಡಿ 78 ಇದೆಯೆಂದು ಮಲಗುವುದು ಪ್ರಾಣಕ್ಕೆ ಎರವಾಗಬಹುದು.

ವಾಚುಗಳು ನಿಜವಾಗಿ ನೆರವಾಗುವುದು ಹೃತ್ಕರ್ಣದ ಕಂಪನವೆಂಬ ಲಯದೋಷದ ಸುಳಿವು ಹಿಡಿಯುವುದರಲ್ಲಿ. 4 ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡ, 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಅಧ್ಯಯನದಲ್ಲಿ ಶೇ 0.52 ಮಂದಿಗೆ ಅನಿಯಮಿತ ನಾಡಿಯ ಸೂಚನೆ ಬಂತು. ಆದರೆ ಈ ದೋಷ ಇರುವವರಲ್ಲಿಯೇ ಬಡಿತದ ಅಂಕಿ ಕೆಡುವುದೂ ಹೆಚ್ಚು: ಹೃದಯ ಆತುರದಲ್ಲಿ ಬಡಿದಾಗ ರಕ್ತ ತುಂಬಿಕೊಳ್ಳಲು ಸಮಯ ಸಾಲದೆ ಕೆಲವು ಬಡಿತಗಳ ಅಲೆ ಮಣಿಕಟ್ಟನ್ನು ಮುಟ್ಟುವುದೇ ಇಲ್ಲ, ವಾಚಾಗಲಿ ಬೆರಳಾಗಲಿ ಅವನ್ನು ಎಣಿಸಲಾರವು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರ ಬಡಿತ ಔಷಧದಿಂದಲೇ ತಗ್ಗಿರುತ್ತದಾದ್ದರಿಂದ ಗರಿಷ್ಠ ಬಡಿತದ ಪಾಲುಗಳಾಗಿ ವ್ಯಾಯಾಮದ ತೀವ್ರತೆಯನ್ನು ವಿಂಗಡಿಸುವ ವಾಚಿನ ‘ವ್ಯಾಯಾಮ ವಲಯ’ಗಳು ಅವರಿಗೆ ಹೊಂದುವುದಿಲ್ಲ, ಮಿತಿಯನ್ನು ವೈದ್ಯರಿಂದ ಕೇಳಿ ತಿಳಿಯಬೇಕು.

ಈ ವಲಯಗಳ ಬಗ್ಗೆಯೇ ಒಂದು ಮಾತು ಸೇರಿಸಬೇಕು. ಹೆಚ್ಚಿನ ವಾಚುಗಳು 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತವನ್ನು ಊಹಿಸುತ್ತವೆ. 60 ವರ್ಷದವರಿಗೆ ಇದರಿಂದ 160 ಬರುತ್ತದೆ. 2001ರಲ್ಲಿ ಪ್ರಕಟವಾದ ತನಾಕ ಸೂತ್ರದಂತೆ, ಅಂದರೆ 208ರಿಂದ ವಯಸ್ಸಿನ 0.7 ಪಾಲನ್ನು ಕಳೆದರೆ, 166. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಬಡಿತದ ವ್ಯತ್ಯಾಸ ಸಾಮಾನ್ಯ. ಗುರಿಯೇ ಹತ್ತು ಬಡಿತ ಮಸುಕಾಗಿರುವಾಗ ಮೂರು ಬಡಿತದ ನಿಖರತೆಗಾಗಿ ಹತ್ತು ಸಾವಿರ ಹೆಚ್ಚು ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಆದ್ದರಿಂದ, ಬೆಳಗಿನ ನಡಿಗೆ ಮತ್ತು ನಿದ್ದೆಯ ಲೆಕ್ಕಕ್ಕೆ ಇಷ್ಟಪಟ್ಟ ಸಾಧಾರಣ ಬೆಲೆಯ ಬ್ಯಾಂಡನ್ನು ಕೊಳ್ಳಬಹುದು. ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆ ಓಟಕ್ಕೋ ಮ್ಯಾರಥಾನಿಗೋ ಸಮವೇಗದಲ್ಲಿ ತಯಾರಾಗುವವರಿಗೆ ಓಟಕ್ಕೆಂದೇ ಮಾಡಿದ ಮಧ್ಯಮ ಬೆಲೆಯ ಜಿಪಿಎಸ್ ವಾಚು ಸಾಕು. ಏರುಪೇರಿನ ಓಟ, ರಸ್ತೆಯ ಸೈಕಲ್, ಎಚ್‌ಆರ್‌ವಿ ಇವುಗಳ ಮೇಲೆ ಅಭ್ಯಾಸವನ್ನು ರೂಪಿಸುವವರು ಎದೆಪಟ್ಟಿಯನ್ನೂ, ಜಿಮ್ ಹಾಗೂ ಯೋಗದವರು ತೋಳುಪಟ್ಟಿಯನ್ನೂ ಆರಿಸಿಕೊಳ್ಳಲಿ. ಈಗಾಗಲೇ ವಾಚಿರುವವರು ಅದನ್ನು ಬಿಸಾಡಿ ದುಬಾರಿಯದನ್ನು ತರುವ ಮೊದಲು, ಅದರ ಸೆಟ್ಟಿಂಗ್ಸಿನಲ್ಲಿ ಹೊರಗಿನ ಸೆನ್ಸರ್ ಜೋಡಿಸುವ ಅವಕಾಶವಿದೆಯೇ ಎಂದು ನೋಡಬೇಕು. ಗಾರ್ಮಿನ್, ಪೋಲಾರ್, ಸುಂಟೊ, ಆಪಲ್ ವಾಚುಗಳಲ್ಲಿ ಇದು ಇದೆ. ಇಲ್ಲದ ವಾಚಾದರೆ ಪಟ್ಟಿಯನ್ನು ನೇರವಾಗಿ ಫೋನಿನ ಆ್ಯಪಿಗೆ ಜೋಡಿಸಿ, ಫೋನನ್ನು ಜೇಬಿನಲ್ಲಿಟ್ಟುಕೊಂಡು ಓಡಬಹುದು.